ಮೇಸ್ತ್ರಿಯ ಎಡಗಣ್ಣು

ನಾನು ಪಾಲಿಶ್ ಹಾಕಿದ ಮೇಜಿನ ಮೇಲೆ ನೊಣ ಕೂತರೆ ಜಾರಿ ಬಿದ್ದು ಸೊಂಟ ಮುರಿದುಕೊಳ್ಳುತ್ತದೆ. ಜಂಬ ಅಂದುಕೊಳ್ಳಬೇಡಿ, ನಡೆದದ್ದು. ಒಮ್ಮೆ ಒಬ್ಬ ವಕೀಲರ ಬಾಗಿಲಿಗೆ ಪಾಲಿಶ್ ಮಾಡಿ ಬಂದಿದ್ದೆ. ಮಾರನೆಯ ಬೆಳಿಗ್ಗೆ ಅವರು ಬಾಗಿಲಲ್ಲಿ ತಮ್ಮ ಮುಖವನ್ನೇ ಕಂಡು, ಯಾರೋ ಕಕ್ಷಿದಾರ ಬಂದ ಅಂದುಕೊಂಡು, “ಬನ್ನಿ, ಕೂತ್ಕೊಳ್ಳಿ, ಏನು ಕೇಸು?” ಅಂದರಂತೆ. ಇಂಥ ನಾನು ಇರುವ ಜಾಗದಲ್ಲೇ, ಅಂಗೈ ಮೇಲೆ ಕೂರುವ ಒಂದು ಪ್ರಾಣಿಯ ಕಣ್ಣು ಮಂಜಾಗುತ್ತಾ ಹೋಯಿತು, ನನ್ನ ಒಂದು ಡಬ್ಬವೂ ಉಪಯೋಗಕ್ಕೆ ಬರಲಿಲ್ಲ.

ಅಣ್ಣ ಬಡಗಿ, ನಾನು ಪಾಲಿಶಿನವನು. ಇಬ್ಬರಿಗೂ ಒಂದೇ ವರ್ಕ್‌ಶಾಪು. ಮುಂದೆ ಗರಗಸ, ಮೆಷೀನು. ನಡುವೆ ನನ್ನ ಡಬ್ಬಗಳು, ಬ್ರಶ್ಶುಗಳು. ಹಿಂದೆ ಒಂದು ಕೋಣೆ. ಅತ್ತಿಗೆ ಮಗಳನ್ನು ಕರೆದುಕೊಂಡು ಬೇರೆ ಹೋದ ಮೇಲೆ ಅಣ್ಣನ ಮನೆ ಅಂದರೆ ಆ ಕೋಣೆಯೇ. ಏನು ಜಗಳ ಅಂತ ಕೇಳಬೇಡಿ. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅಣ್ಣನ ಬಾಯಿಂದ ಒಂದು ಮಾತು ಹೊರಡಿಸುವುದಕ್ಕಿಂತ ಗಟ್ಟಿ ಮರದಿಂದ ತುಕ್ಕು ಹಿಡಿದ ಮೊಳೆ ಕೀಳುವುದು ಸಲೀಸು. ಅತ್ತಿಗೆ ವರ್ಷಗಟ್ಟಲೆ ಎಳೆದೆಳೆದು, ಕೈ ಸೋತು, ಕೊನೆಗೆ ಸೂಟ್‌ಕೇಸ್ ಹಿಡಿದು ಹೊರಟರು.

ಮಗಳು ಭಾನುವಾರ ಬರುತ್ತಿದ್ದಳು. ಬರುವುದು, ಬಿಡುವುದು ಅವಳಿಷ್ಟ ಎಂದು ಮಾತಾಗಿತ್ತು. ಬರುತ್ತಿದ್ದದ್ದು ಅಪ್ಪನಿಗಾಗಿ ಅಲ್ಲ, ನನಗಾಗಿಯಂತೂ ಅಲ್ಲವೇ ಅಲ್ಲ, ಮೇಸ್ತ್ರಿಗಾಗಿ.

ಮೇಸ್ತ್ರಿ ಅಂದರೆ ಅವಳ ಗಿನಿಪಿಗ್. ಇಲಿಗಿಂತ ದೊಡ್ಡದು, ಮೊಲಕ್ಕಿಂತ ಚಿಕ್ಕದು, ಕಂದು ಮೈ, ಬೆನ್ನಿಗೊಂದು ಬಿಳಿ ಪಟ್ಟಿ. ಬಾಲವೇ ಇಲ್ಲ, ಮಾಡಿದವನು ಕಡೆಯ ಜೋಡಣೆಯ ಹೊತ್ತಿಗೆ ಊಟಕ್ಕೆ ಎದ್ದುಹೋದ ಹಾಗೆ. ಒಂದು ಕಡ್ಡಿ ಕೆಲಸ ಮಾಡದೆ ಕೂತಲ್ಲೇ ಕೂತು, ಸೊಪ್ಪಿನ ಚೀಲ ಸದ್ದಾದರೆ ಸಾಕು ಮೂರು ಬೀದಿಗೆ ಕೇಳುವ ಹಾಗೆ ‘ವೀಕ್ ವೀಕ್’ ಎಂದು ಎಲ್ಲರನ್ನೂ ಗದರುತ್ತಿದ್ದ. ಅದಕ್ಕೇ ಮಗಳು ಆ ಹೆಸರಿಟ್ಟಿದ್ದು. ಅತ್ತಿಗೆಗೆ ಅವನ ವಾಸನೆ ಆಗದು. ಹಾಗಾಗಿ ಮನೆ ಎರಡಾದಾಗ ಮಗಳು ಅತ್ತ ಹೋದಳು, ಮೇಸ್ತ್ರಿ ಇತ್ತ ಉಳಿದ.

ಭಾನುವಾರ ಅವಳು ಬಂದವಳೇ ಅವನನ್ನು ಮಡಿಲಿಗೆ ಹಾಕಿಕೊಂಡು, ಹಿಂದಿನ ಕೋಣೆಯ ಹೊಸ್ತಿಲ ಮೇಲೆ ಕೂತು, ವಾರದ ಸುದ್ದಿಯನ್ನೆಲ್ಲ ಅವನ ಕಿವಿಗೆ ಸುರಿಯುತ್ತಿದ್ದಳು. ಯಾವ ಗೆಳತಿ ಮಾತು ಬಿಟ್ಟಳು, ಲೆಕ್ಕದ ಮೇಷ್ಟ್ರು ಹೇಗೆ ಸೀನುತ್ತಾರೆ, ಈಜು ಕಲಿಯಲು ಎಷ್ಟು ಭಯ, ಎಲ್ಲ. ಅಪ್ಪನಿಗೆ ಮಾತ್ರ “ಹೂಂ”, “ಉಹೂಂ”. ಅಪ್ಪನ ಮಗಳಲ್ಲವೇ! ಅಣ್ಣ ಸ್ವಲ್ಪ ದೂರದಲ್ಲಿ ನಿಂತು ಒಂದು ಹಲಗೆಯ ಮೇಲೆ ಉಜ್ಜುಗೊರಡು ಆಡಿಸುತ್ತಿದ್ದ. ನಾನು ಹೋಗಿ ನೋಡಿದ್ದೇನೆ: ಉಜ್ಜುಗೊರಡಿನ ಅಲಗನ್ನು ಒಳಗೆ ಎಳೆದಿಟ್ಟಿರುತ್ತಿದ್ದ. ಮರಕ್ಕೆ ತಗಲುತ್ತಲೇ ಇರಲಿಲ್ಲ. ಇಡೀ ಬೆಳಗು ಬರೀ ಗಾಳಿ ಉಜ್ಜುತ್ತಾ, ಮೈಯೆಲ್ಲ ಕಿವಿಯಾಗಿ ನಿಂತಿರುತ್ತಿದ್ದ. ಒಂದು ಸಲ ಅವಳು ಮೇಸ್ತ್ರಿಗೆ ಬ್ಯಾಗಿನ ಪಟ್ಟಿ ಹರಿದಿದೆ ಅಂದಳು. ಮುಂದಿನ ವಾರ ಮೊಳೆಗೆ ಹೊಸ ಬ್ಯಾಗು ನೇತಾಡುತ್ತಿತ್ತು. ಅವಳು ಬ್ಯಾಗು ನೋಡಿ, ಮೇಸ್ತ್ರಿಯ ಕಿವಿಯಲ್ಲಿ, “ಚಾಡಿ ಹೇಳ್ಬಿಟ್ಟೆಯಲ್ಲೋ ಕಳ್ಳಾ” ಅಂದಳು.

“ಮೇಸ್ತ್ರಿ ಇರೋ ತನಕ ಅವಳು ಬರ್ತಾಳೆ ಕಣೋ,” ಎಂದು ಅಣ್ಣ ಒಮ್ಮೆ ನನಗೆ ಹೇಳಿದ್ದ. ಆ ವರ್ಷ ಅವನಾಡಿದ ಅತಿ ಉದ್ದದ ಮಾತು ಅದು.

ಹಾಗಾಗಿ ಮೇಸ್ತ್ರಿಯ ಉಪಚಾರ ಕೇಳಬೇಡಿ. ಅವನ ಗೂಡಿಗೆ ಅಣ್ಣ ಮಾಡಿದ್ದ ಜೋಡಣೆ ನೋಡಿ ಒಬ್ಬ ಗಿರಾಕಿ, “ಇಂಥದ್ದೇ ಒಂದು ನಮ್ಮತ್ತೆಗೆ ಮಾಡಿಕೊಡಿ” ಅಂದಿದ್ದ. ಪ್ರತಿ ಶನಿವಾರ ಸಂಜೆ ಅಣ್ಣ ಮೂಲೆಯಿಂದ ಒಂದು ಹಲಗೆ ತೆಗೆಯುತ್ತಿದ್ದ. ಕೆಂಪು ಬಣ್ಣದ, ಘಮ್ಮೆನ್ನುವ ಮರ. ಬಟ್ಟೆಯ ಬೀರುಗಳ ಒಳಗೆ ಹಾಕುವಂಥದ್ದು. ಅದನ್ನು ಹೆರೆದು ಹೊಸ ಸಿಪ್ಪೆ ತೆಗೆದು, ಮೇಸ್ತ್ರಿಗೆ ಹಾಸಿಗೆ ಹಾಸುತ್ತಿದ್ದ. ಆ ಸಿಪ್ಪೆ ಎಷ್ಟು ತೆಳುವೆಂದರೆ ಪೇಪರಿನ ಮೇಲಿಟ್ಟು ಅದರ ಮೂಲಕ ಕ್ರಿಕೆಟ್ ಸ್ಕೋರು ಓದಬಹುದಿತ್ತು. ನಾನು ಓದಿದ್ದೇನೆ, ನಮ್ಮವರು ಸೋತಿದ್ದರು. ಮಗಳು ಬಂದಾಗ ಕೋಣೆ ಘಮಘಮ ಅನ್ನಬೇಕು, ಅದೇ ಅಣ್ಣನ ಆಸೆ. “ಬಾರಮ್ಮ” ಅನ್ನಲು ಬಾಯಿ ಬಾರದವನು ಅದನ್ನು ಉಜ್ಜುಗೊರಡಿನಿಂದ ಹೇಳುತ್ತಿದ್ದ ಅಂತ ಇಟ್ಟುಕೊಳ್ಳಿ.

ಮಗಳಿಗೆ ಪರೀಕ್ಷೆ ಶುರುವಾಗಿ ಅವಳ ಭಾನುವಾರಗಳು ತಪ್ಪಿದ ದಿನಗಳಲ್ಲೇ ಮೇಸ್ತ್ರಿಯ ಎಡಗಣ್ಣಿನಲ್ಲಿ ಬಿಳಿ ನೀರು ಕಂಡಿತು. ನಾವು ಗಾಬರಿಯಾಗಲಿಲ್ಲ. ಗಿನಿಪಿಗ್‌ಗಳಿಗೆ ಕಣ್ಣಲ್ಲಿ ಹಾಲಿನಂಥ ನೀರು ಬರುವುದುಂಟು, ಮುಂಗಾಲಿಗೆ ಅದನ್ನು ಸವರಿಕೊಂಡು ಮುಖ ತೊಳೆಯುತ್ತವೆ. ಮನೆಯಲ್ಲೇ ಸೋಪು, ಮನೆಯಲ್ಲೇ ನಲ್ಲಿ. ಆದರೆ ಈ ನೀರು ಬಂದದ್ದು ಒಂದೇ ಕಣ್ಣಲ್ಲಿ, ಮುಖ ತೊಳೆದ ಮೇಲೂ ನಿಲ್ಲಲಿಲ್ಲ. ಮೊದಲು ರೆಪ್ಪೆಗೆ ಹಕ್ಕಳೆ ಕಟ್ಟಿತು. ಆಮೇಲೆ ಕಣ್ಣೇ ಅಂಟಿಕೊಂಡಿತು. ಕೆನ್ನೆಯ ಕೂದಲು ಒದ್ದೆಯಾಗಿ ಕಡ್ಡಿಕಡ್ಡಿಯಾಗಿ ನಿಂತಿತು. ಚೀಲ ಸದ್ದು ಮಾಡಿದರೂ ಮೇಸ್ತ್ರಿ ಗದರಲಿಲ್ಲ. ಮೂಲೆಯಲ್ಲಿ ಬೆನ್ನು ಗೂನು ಮಾಡಿ, ಕೂದಲು ಉಬ್ಬಿಸಿ ಕೂತ.

ನಾನು ಬಿಟ್ಟೇನೇ? ನಮ್ಮತ್ತೆಯ ಕಣ್ಣಿನ ಆಪರೇಷನ್ನಿನಲ್ಲಿ ಮಿಕ್ಕಿದ್ದ ಡ್ರಾಪ್ಸ್ ತಂದು, “ಎರಡು ಹನಿ ಬಿಡು, ನಾಳೆ ಬೆಳಿಗ್ಗೆ ಇವನು ಸೂಜಿಗೆ ದಾರ ಪೋಣಿಸದಿದ್ದರೆ ನನ್ನ ಹೆಸರು ಬದಲಾಯಿಸು” ಅಂದೆ. ಅಣ್ಣ ಬಾಟಲಿಯನ್ನು ಜೇಬಿಗೆ ಹಾಕಿಕೊಂಡು, ಮೇಸ್ತ್ರಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಪ್ರಾಣಿಗಳ ಆಸ್ಪತ್ರೆಗೆ ಹೊರಟ. ನಾನು ಹಿಂದೆ ಓಡಿದೆ.

ಡಾಕ್ಟರಮ್ಮನಿಗೆ ನಗು ಅನ್ನುವುದು ಹುಟ್ಟಿನಿಂದಲೇ ಮಂಜೂರಾಗಿರಲಿಲ್ಲ. ನನ್ನ ಬಾಟಲಿಯ ಹೆಸರು ಓದಿದವರೇ ಸೀದಾ ಕಸದ ಬುಟ್ಟಿಗೆ ಹಾಕಿದರು.

“ಇದನ್ನ ಹಾಕಿದ್ರಾ?”

“ಇಲ್ಲ ಮೇಡಂ,” ಅಂದ ಅಣ್ಣ.

“ಬಚಾವಾದ್ರಿ. ಕಣ್ಣಲ್ಲಿ ಗಾಯ ಇದ್ದಾಗ ಇದು ಬಿದ್ರೆ ಗಾಯ ಮಾಯೋ ಬದಲು ತಿಂದ್ಕೊಂಡು ಹೋಗುತ್ತೆ. ಮನುಷ್ಯರ ಡ್ರಾಪ್ಸ್ ತರೋ ಬುದ್ಧಿವಂತರು ಯಾರು?”

ನಾನು ಗೋಡೆಯ ಮೇಲಿದ್ದ ನಾಯಿಗಳ ಚಾರ್ಟನ್ನು ಬಹಳ ಆಸಕ್ತಿಯಿಂದ ಓದಿದೆ.

ಅವರು ಬೆಚ್ಚಗಿನ ಉಪ್ಪುನೀರಿನಲ್ಲಿ ಹತ್ತಿ ಅದ್ದಿ ಹಕ್ಕಳೆ ನೆನೆಸಿ, ರೆಪ್ಪೆ ಬಿಡಿಸಿ, ಸಣ್ಣ ಕಾಗದದ ತುಂಡಿನಿಂದ ಒಂದು ಬಣ್ಣ ತಾಗಿಸಿ, ನೀಲಿ ಟಾರ್ಚ್ ಬಿಟ್ಟರು. ಕಪ್ಪು ಕಣ್ಣಿನ ನಡುವೆ ಹಸಿರು ಗೀರೊಂದು ಹೊಳೆಯಿತು. ಒಳ್ಳೆಯ ಮರದ ಮೇಲೆ ಯಾರೋ ಮೊಳೆಯಿಂದ ಗೀಚಿದ ಹಾಗೆ.

“ಇದರ ಕೆಳಗೆ ಏನು ಹಾಸ್ತೀರಿ?”

ಅಣ್ಣನ ಮುಖ ಅರಳಿತು. ಆ ಒಂದು ಕ್ಷಣ ನೆನೆದರೆ ಈಗಲೂ ಸಂಕಟವಾಗುತ್ತದೆ. “ಸಿಪ್ಪೆ ಮೇಡಂ. ಒಳ್ಳೇ ಮರದ್ದು. ಪ್ರತಿ ಶನಿವಾರ ಹೊಸದಾಗಿ, ಕೈಯಲ್ಲೇ ಹೆರೆದು...”

“ಘಮ್ ಅನ್ನೋ ಮರವಾ?”

“ಹೌದು ಮೇಡಂ.”

“ಆ ಘಮ ಇದರ ಕಣ್ಣಿಗೆ ಉರಿ. ಜೊತೆಗೆ ಪುಡಿ. ಉಜ್ಕೊಂಡು ಉಜ್ಕೊಂಡು ಗೀರಾಗಿದೆ, ಗೀರಿಗೆ ಸೋಂಕು ಹತ್ತಿದೆ. ಎಲ್ಲಾ ತೆಗೀರಿ, ಬಟ್ಟೆ ಹಾಸಿ. ಈ ಡ್ರಾಪ್ಸ್ ಹೊತ್ತುಹೊತ್ತಿಗೆ ತಪ್ಪಬಾರದು. ದಪ್ಪ ಮೆಣಸಿನಕಾಯಿ ಕೊಡಿ, ತಿನ್ನದಿದ್ರೆ ಸಿರಿಂಜಿನಲ್ಲಿ ಊಟ ಹಾಕಿ. ತಿನ್ನೋದು ನಿಲ್ಸಿದ್ರೆ ಕಣ್ಣಲ್ಲ, ಜೀವಾನೇ ಹೋಗುತ್ತೆ.”

ದಾರಿಯುದ್ದಕ್ಕೂ ಅಣ್ಣ ಮಾತಾಡಲಿಲ್ಲ. ಅದೇನು ಹೊಸದಲ್ಲ. ಆದರೆ ಮಾತಾಡದೆ ಇರುವುದರಲ್ಲೂ ಬಗೆಗಳಿವೆ, ಅಣ್ಣನ ಜೊತೆ ಬದುಕಿದವನಿಗೆ ಗೊತ್ತು.

ಸಿಪ್ಪೆ ಹೋಯಿತು, ಹಳೆಯ ಬೆಡ್‌ಶೀಟಿನ ತುಂಡು ಬಂತು. ಕಣ್ಣು ಸ್ವಲ್ಪ ತೆರೆಯಿತು. ಮೇಸ್ತ್ರಿ ಒಂದು ಸಲ ಸಣ್ಣಗೆ ಗದರಿದ. ಅಣ್ಣ ಆ ದಿನ ಶಿಳ್ಳೆ ಹಾಕಿದ, ನಾನು ನೆಲಕ್ಕೆ ಬೀಳುವುದೊಂದು ಬಾಕಿ. ಆದರೆ ವಾರ ತಿರುಗುವಷ್ಟರಲ್ಲಿ ಮತ್ತೆ ಕೆಂಪು, ಮತ್ತೆ ಕೀವು. ಕಣ್ಣಿನ ಮೇಲೆ ನೀಲಿ ಬೆರೆತ ಬಿಳಿ ಪೊರೆ, ಬಚ್ಚಲ ಕಿಟಕಿಗೆ ಹಾಕುತ್ತಾರಲ್ಲ, ಆ ಗಾಜಿನಂತೆ. ಮತ್ತೆ ಡಾಕ್ಟರಮ್ಮ.

“ಎಲ್ಲಿ ಇಡ್ತೀರಿ ಇದನ್ನ?” ಅಂದರು. ವರ್ಕ್‌ಶಾಪಿನ ಹಿಂದಿನ ಕೋಣೆಯಲ್ಲಿ ಅಂತ ಅಣ್ಣ ಹೇಳಿದ. ಅವರು ಅವನ ಮುಖವನ್ನೇ ನೋಡಿದರು. “ನಿಮ್ಮ ಹುಬ್ಬಿನ ಮೇಲೇ ಮರದ ಹೊಟ್ಟು ಕೂತಿದೆ. ಅಷ್ಟು ಸಾಕು ಇದಕ್ಕೆ. ನೋಡಿ, ಆ ಜಾಗದಲ್ಲಿದ್ರೆ ಈ ಕಣ್ಣು ಉಳಿಯಲ್ಲ. ಆಮೇಲೆ ಇನ್ನೊಂದು. ಹೊಟ್ಟು ಇಲ್ಲದ ಮನೆಗೆ ಕಳಿಸಿ.”

ಹೊಟ್ಟು ಇಲ್ಲದ ಮನೆ ಅಂದರೆ ಯಾರದ್ದು? ನಮ್ಮದಾಗದು. ನನ್ನ ಹೆಂಡತಿ ಸಾಕಿರುವ ಬೆಕ್ಕುಗಳು ಹುಲಿಗೆ ಟ್ಯೂಷನ್ ಕೊಡುವಂಥವು. ಮೇಸ್ತ್ರಿಯನ್ನು ಅಲ್ಲಿಗೆ ಒಯ್ದರೆ ಕಣ್ಣಿನ ಚಿಂತೆಯೇ ಇರುವುದಿಲ್ಲ, ಕಣ್ಣಿಡುವ ತಲೆಯೇ ಇರುವುದಿಲ್ಲ. ಉಳಿದದ್ದು ಒಂದೇ ಮನೆ, ಮಗಳದ್ದು. ಮೇಸ್ತ್ರಿ ಅಲ್ಲಿಗೆ ಹೋದರೆ ಅವಳು ಇಲ್ಲಿಗೆ ಯಾಕೆ ಬಂದಾಳು? ಇದನ್ನು ಅಣ್ಣನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಬಸ್ಸಿನಲ್ಲಿ ಇಬ್ಬರ ನಡುವೆ ಆ ಪ್ರಶ್ನೆ ಟಿಕೆಟ್ ಇಲ್ಲದೆ ಕೂತಿತ್ತು.

ಆಮೇಲೆ ಅಣ್ಣ ಹೊಟ್ಟಿನ ಮೇಲೆ ಯುದ್ಧ ಸಾರಿದ. ಮೆಷೀನು ನಿಲ್ಲಿಸಿದ. ಕೆಲಸವನ್ನು ಹಿಂದಿನ ಗಲ್ಲಿಗೆ ಸಾಗಿಸಿ, ಟಾರ್ಪಾಲಿನ ಕೆಳಗೆ ಚಳಿಯಲ್ಲಿ ಕೂತು ಕೈಯಲ್ಲೇ ಕೊಯ್ದ. ಕೋಣೆಯ ಬಾಗಿಲಿಗೆ ಒದ್ದೆ ಬೆಡ್‌ಶೀಟ್ ಕಟ್ಟಿದ. ನಾನು ಗುಡಿಸಿದೆ ನೋಡಿ, ನೆಲ ಎರಡಂಗುಲ ತಗ್ಗಾಗಿರಬೇಕು. ಆದರೆ ಹೊಟ್ಟು ಅನ್ನುವುದು ಯಾವ ಪೊಲೀಸಿಗೂ ಸಿಗದ ಕಳ್ಳ. ಒಂದು ಬೆಳಿಗ್ಗೆ ಅಣ್ಣ ಕೋಣೆಯ ನಡುವೆ ಸುಮ್ಮನೆ ನಿಂತಿದ್ದ. ಕಿಟಕಿಯಿಂದ ಬಿದ್ದ ಬಿಸಿಲಕೋಲಿನಲ್ಲಿ ಪುಡಿ ನಿಧಾನಕ್ಕೆ ಮೇಲೆ ಹೋಗುತ್ತಿತ್ತು, ಕೆಳಗೆ ಬರುತ್ತಿತ್ತು.

“ಇಷ್ಟು ವರ್ಷ ಇದು ನನ್ನ ಕಣ್ಣಿಗೆ ಬಿದ್ದೇ ಇರ್ಲಿಲ್ಲ ನೋಡು,” ಅಂದ.

ಪರೀಕ್ಷೆ ಮುಗಿಯಿತು, ಈ ಭಾನುವಾರ ಬರ್ತೀನಿ ಎಂದು ಮಗಳ ಮೆಸೇಜು ಬಂತು. ನಾನು ಅಣ್ಣನನ್ನು ಮೂಲೆಗೆ ಎಳೆದೆ.

“ಕೇಳು. ಪೆಟ್ ಅಂಗಡಿಯಲ್ಲಿ ಇವನ ಅವಳಿಯೇ ಇದ್ದಾನೆ. ಬೆನ್ನಿನ ಬಿಳಿ ಪಟ್ಟಿ ಒಂಚೂರು ಅಗಲ, ಅಷ್ಟೇ. ನಾನು ಕಂದು ಬಣ್ಣ ತೀಡಿ ಸರಿ ಮಾಡ್ತೀನಿ. ಕಾಡು ಮರಾನ ತೇಗ ಅಂತ ನಂಬಿಸೋನಿಗೆ ಗಿನಿಪಿಗ್ ಯಾವ ಲೆಕ್ಕ? ಇವನನ್ನ ಡಾಕ್ಟರಮ್ಮನ ಹತ್ರ ಬಿಡೋಣ. ಹುಡುಗಿಗೆ ಗೊತ್ತೇ ಆಗಲ್ಲ.”

ನಗುತ್ತಾನೆ, ಇಲ್ಲ ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ನಿಜಕ್ಕೂ ಸ್ವಲ್ಪ ಹೊತ್ತು ಯೋಚಿಸಿದ. ನನಗೆ ಆಗಲೇ ಭಯವಾದದ್ದು.

“ಬೇಡ,” ಅಂದ. “ಅವಳು ಇದರ ಹತ್ರ ಮಾತಾಡ್ತಾಳಲ್ವೇನೋ. ಹೊಸದಕ್ಕೆ ಅವಳ ಹಿಂದಿನದ್ದು ಏನೂ ಗೊತ್ತಿರಲ್ಲ.”

ಭಾನುವಾರ ಮಗಳು ಕುಣಿಯುತ್ತಲೇ ಬಂದಳು. ಗೂಡಿನ ಬಾಗಿಲು ತೆಗೆದು, ಎತ್ತಿಕೊಂಡು, ನಿಂತುಬಿಟ್ಟಳು. ಅಪ್ಪನ ಕಡೆ ನೋಡಲಿಲ್ಲ.

“ಏನಾಯ್ತೋ ನಿಂಗೆ? ಯಾರೋ ಏನ್ ಮಾಡಿದ್ರು?”

ನಾನು ಕೂಡಲೇ ಶುರು ಮಾಡಿದೆ: “ಅದೇನಾಯ್ತು ಅಂದ್ರೆ ಪುಟ್ಟಾ, ಮೊನ್ನೆ ಒಂದು ಹದ್ದು, ನನ್ನ ಎದೆ ಎತ್ತರ ಇತ್ತು, ಕಿಟಕಿಯಿಂದ ನುಗ್ಗಿ...”

“ನೀನು ಸುಮ್ನಿರು,” ಅಂದ ಅಣ್ಣ. ಆಮೇಲೆ, ಮೊಳೆ ಕಿತ್ತು ಬರುವ ದನಿಯಲ್ಲಿ, “ನನ್ನಿಂದ ಆಯ್ತು ಮಗಾ. ಕೆಳಗೆ ಹಾಸ್ತಿದ್ನಲ್ಲ, ಸಿಪ್ಪೆ. ಅದು ಅವನ ಕಣ್ಣಿಗೆ ಆಗ್ತಿರ್ಲಿಲ್ವಂತೆ. ಇಲ್ಲಿನ ಗಾಳೀನೂ ಆಗಲ್ವಂತೆ.”

ಅವಳು ಮೇಸ್ತ್ರಿಯ ತಲೆ ಸವರುತ್ತಿದ್ದಳು. “ಘಮ್ ಅಂತಿತ್ತಲ್ಲ, ಅದಾ?”

“ಹೂಂ.”

“ನಾನು ಬರ್ತೀನಿ ಅಂತ ಹಾಕ್ತಿದ್ದದ್ದಾ?”

ಅಣ್ಣ ತಲೆ ಎತ್ತಿದ. “ನಿಂಗೆ ಗೊತ್ತಿತ್ತಾ?”

“ಬಾಗಿಲ ಹತ್ರಾನೇ ಗೊತ್ತಾಗ್ತಿತ್ತು,” ಅಂದಳು ಮಗಳು.

ಅಷ್ಟು ವರ್ಷದಲ್ಲಿ ಅವರಿಬ್ಬರೂ ನೇರವಾಗಿ ಆಡಿದ ಮಾತು ಅದೇ ಮೊದಲು ಅಂತ ನಾನು ಎಲ್ಲಿ ಬೇಕಾದರೂ ಪ್ರಮಾಣ ಮಾಡುತ್ತೇನೆ. ಅದು ಈ ಹಾಳು ಕಣ್ಣಿನ ವಿಷಯಕ್ಕೇ ಆಗಬೇಕಿತ್ತೇ!

“ಮನೆಗೆ ಕರ್ಕೊಂಡು ಹೋಗ್ತೀಯಾ? ಅಮ್ಮ ಒಪ್ತಾರಾ?”

“ಒಪ್ಪಿಸ್ತೀನಿ.” ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿ, ಮೂಗು ಒರೆಸಿಕೊಳ್ಳುತ್ತಾ ಬಂದಳು. “ಬಾಲ್ಕನಿಗೆ ಹೊಂದ್ಕೊಂಡಿರೋ ರೂಮಲ್ಲಿ ಇಡ್ಬೇಕಂತೆ. ನಾನೇ ಕ್ಲೀನ್ ಮಾಡ್ಬೇಕಂತೆ.”

ಅಣ್ಣ ಕೈಯನ್ನು ಮೊಣಕೈವರೆಗೆ ತೊಳೆದು ಬಂದು ಅವಳ ಪಕ್ಕ ಕೂತ. ಟವೆಲಿನಲ್ಲಿ ಮೇಸ್ತ್ರಿಯನ್ನು ಹೇಗೆ ಸುತ್ತಬೇಕು, ಮುಖವೊಂದೇ ಹೊರಗೆ. ಹತ್ತಿಯನ್ನು ಒಳಗಿನ ಮೂಲೆಯಿಂದ ಹೊರಗೆ ಒಂದೇ ಸಲ ಎಳೆಯಬೇಕು, ಎರಡನೇ ಸಲಕ್ಕೆ ಬೇರೆ ಹತ್ತಿ. ಡ್ರಾಪ್ಸ್ ಎದುರಿನಿಂದ ತಂದರೆ ಹೆದರುತ್ತಾನೆ, ತಲೆಯ ಹಿಂದಿನಿಂದ ತರಬೇಕು. ಅವಳ ಮೊದಲ ಹನಿ ಮೇಸ್ತ್ರಿಯ ಮೂಗಿನ ಮೇಲೆ ಬಿತ್ತು. ಅಣ್ಣ ತನ್ನ ಕೈಯನ್ನು ಅವಳ ಕೈ ಮೇಲಿಟ್ಟು ಹಿಡಿದ. ಉಳಿ ಹಿಡಿದು ಹಿಡಿದು ಜಡ್ಡುಗಟ್ಟಿದ ಆ ಕೈ, ಕಡ್ಡಿಯಂಥ ಅವಳ ಬೆರಳು, ನಡುವೆ ಬಾಟಲಿ. ಹನಿ ಸರಿಯಾಗಿ ಕಣ್ಣಿಗೇ ಬಿತ್ತು. ಇಬ್ಬರೂ ಕೈ ತೆಗೆಯಲು ಸ್ವಲ್ಪ ಮರೆತರು. ನಾನು ಸುಮ್ಮನಿದ್ದೆ. ನಾನು ಸುಮ್ಮನಿದ್ದೆ ಅಂದರೆ ಎಂಥ ಗಳಿಗೆ ಇದ್ದಿರಬೇಕು, ನೀವೇ ಅಂದಾಜು ಮಾಡಿ.

ಗೂಡಿನ ಸಂದುಗಳಲ್ಲೆಲ್ಲ ಪುಡಿ ಇತ್ತು, ಅದು ಹೋಗುವಂತಿರಲಿಲ್ಲ. ಮೇಸ್ತ್ರಿ ರಟ್ಟಿನ ಪೆಟ್ಟಿಗೆಯಲ್ಲಿ ಹೊರಟ. ಬಾಗಿಲಲ್ಲಿ ಅವಳು ತಿರುಗಿ ನಿಂತಳು.

“ಮುಂದಿನ ಭಾನುವಾರ ಇವನ್ನ ಕರ್ಕೊಂಡು ಬರಬಾರ್ದಲ್ವಾ?”

“ಬೇಡ ಬೇಡ, ಇಲ್ಲಿಗಾ?”

“ಹಾಗಾದ್ರೆ... ನಾನೊಬ್ಳೇ ಬರ್ಲಾ?”

ಬೀದಿಯ ವಾಹನಗಳೆಲ್ಲ ಉಸಿರು ಹಿಡಿದು ನಿಂತವು. ಹೇಳೋ, ಹೂಂ ಅನ್ನೋ, ನಿನ್ನ ಎರಡೂ ತುಟಿ ಒಂದು ಸಲ ಬಿಚ್ಚೋ ಎಂದು ನಾನು ಒಳಗೇ ಕಿರುಚಿದೆ. ಅಣ್ಣ ತನ್ನ ಅಂಗಿಯ ತೋಳು ನೋಡಿಕೊಂಡ, ಹುಬ್ಬು ಮುಟ್ಟಿಕೊಂಡ.

“ಇಲ್ಲಿಗೆ ಬಂದ್ರೆ ನಿನ್ನ ಬಟ್ಟೇಲಿ ಹೊಟ್ಟು ಅಂಟ್ಕೊಂಡು ಮನೆಗೆ ಹೋಗುತ್ತೆ ಮಗಾ. ಮೊದ್ಲು ಅವನ ಕಣ್ಣು ವಾಸಿ ಆಗ್ಲಿ.”

ಅವಳು ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು, “ಸರಿ” ಅಂದಳು.

ಅವಳು ತಿರುವು ದಾಟಿದ್ದೇ ತಡ, ನಾನು ಅವನ ಮೇಲೆ ಬಿದ್ದೆ. “ಅಲ್ಲ ಅಣ್ಣಾ, ಅವಳು ಏನು ಕೇಳಿದ್ಲು ಅಂತ ತಿಳೀತಾ ನಿಂಗೆ?”

“ತಿಳೀತು.”

“ಮತ್ತೆ?”

“ಆ ಕಣ್ಣು ಹೋದ್ರೆ, ಅಪ್ಪನಿಂದ ಹೋಯ್ತು ಅಂತ ಜೀವನಪೂರ್ತಿ ಇರುತ್ತೆ ಅವಳಿಗೆ,” ಅಂದ. ಹೋಗಿ ಒದ್ದೆ ಬೆಡ್‌ಶೀಟ್ ಬಿಚ್ಚಿದ.

ಭಾನುವಾರಗಳು ಬಂದವು, ಹೋದವು. ನೀನೇ ಹೋಗಿ ನೋಡ್ಕೊಂಡು ಬಾ ಎಂದು ನಾನು ಅವನ ತಲೆ ತಿಂದೆ. ಒಂದು ದಿನ ಸ್ನಾನ ಮಾಡಿ, ಮದುವೆಗೆ ಹೋಗುವವನಂತೆ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟ. ಹೋದ ವೇಗದಲ್ಲೇ ವಾಪಸ್ ಬಂದ. ಅತ್ತಿಗೆಯ ಮನೆಯ ಗೇಟು ಹಿಡಿದಾಗ ಉಗುರಿನ ಸಂದಿಯಲ್ಲಿ ಪುಡಿ ಕಂಡಿತಂತೆ. ನನ್ನ ಹತ್ತಿರ ಬೈಗುಳದ ದಾಸ್ತಾನು ಭಾರೀ ಇದೆ. ಅವತ್ತು ಒಂದೂ ನೆನಪಾಗಲಿಲ್ಲ.

ಕೊನೆಗೆ ನಾನೇ ಅವಳ ನಂಬರು ಒತ್ತಿ ಫೋನನ್ನು ಅವನ ಕೈಗೆ ತುರುಕಿದೆ, ಸ್ಪೀಕರ್ ಹಾಕಿ.

“ಅಪ್ಪಾ! ಮೇಸ್ತ್ರಿ ಕಣ್ಣು ಸರಿ ಹೋಯ್ತು. ಸಣ್ಣ ಬಿಳಿ ಚುಕ್ಕಿ ಉಳ್ಕೊಂಡಿದೆ, ಅದು ಇರುತ್ತಂತೆ. ಆದ್ರೆ ಕಾಣ್ಸುತ್ತಂತೆ. ಈಗ ಅಮ್ಮನ್ನೂ ಗದರ್ತಾನೆ.”

“ಹೌದಾ,” ಅಂದ ಅಣ್ಣ. “ಹಾಗಾದ್ರೆ... ಈ ಭಾನುವಾರ ಬರ್ತೀಯಾ? ನೀನೊಬ್ಳೇ?”

ಕೇಳಿಯೇಬಿಟ್ಟ! ನಾನು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡೆ.

ಆ ಕಡೆ ಅವಳ ಮಾತಿನಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಏನಾದರೂ ಮಾಡಬಹುದಿತ್ತು.

“ಬಟ್ಟೇಲಿ ಹೊಟ್ಟು ಬಂದ್ಬಿಟ್ರೆ ಅಪ್ಪಾ? ಮತ್ತೆ ಶುರುವಾದ್ರೆ ಉಳಿಯಲ್ಲ ಅಂದಿದಾರೆ ಡಾಕ್ಟರ್. ನಾನು ಸ್ಕೂಲಿಂದ ಬಂದ್ರೂ ಬಟ್ಟೆ ಬದಲಾಯಿಸಿ, ಕೈ ತೊಳ್ಕೊಂಡೇ ಮುಟ್ಟೋದು. ನೀವು ತೋರ್ಸಿದ್ರಲ್ಲ, ಮೊಣಕೈವರೆಗೂ.”

“ಹೌದು,” ಅಂದ ಅಣ್ಣ. “ಹೌದೌದು. ಜೋಪಾನ.”

ಫೋನನ್ನು ನನ್ನ ಕೈಗೆ ಕೊಟ್ಟ. ಮೆಷೀನಿನ ಮೇಲಿನ ಹೊಟ್ಟನ್ನು ಅಂಗೈಯಿಂದ ಒರೆಸಿದ.

“ಎಷ್ಟು ಚೆನ್ನಾಗಿ ನೋಡ್ಕೊಳ್ತಿದಾಳೆ ನೋಡೋ,” ಅಂದ.